ಓದುಗರ ಪ್ರಶ್ನೆ: ‘ಡಾಕ್ಟರೆಸ್’ ಏಕೆ ತಪ್ಪು?

ಪ್ರಶ್ನೆ: ಮಗಳು ಏಳನೇ ತರಗತಿ. ಪದದ ಕೊನೆಗೆ ‘ಎಸ್’ (-ess) ಸೇರಿಸಿದರೆ ಇಂಗ್ಲಿಷಿನಲ್ಲಿ ಸ್ತ್ರೀಲಿಂಗ ಎಂದು ಹೇಳಿಕೊಟ್ಟೆವು. ಈಗ ‘ಡಾಕ್ಟರೆಸ್’ ಎಂದು ಬರೆಯುತ್ತಾಳೆ. ಕುರ್ಚಿಗೂ ‘ಶೀ’ ಎನ್ನುತ್ತಾಳೆ. ಹೇಗೆ ತಿದ್ದುವುದು?
– ಓದುಗರು, ಡೊಂಬಿವಲಿ (ಮಹಾರಾಷ್ಟ್ರ)

ಉತ್ತರ: ಕುರ್ಚಿಯಿಂದಲೇ ಶುರು ಮಾಡೋಣ. ಮರಾಠಿಯಲ್ಲಿ ಖುರ್ಚಿ ಸ್ತ್ರೀಲಿಂಗ, ಪಂಖಾ ಪುಲ್ಲಿಂಗ. ಗೆಳತಿಯರ ಜತೆ ಆಡುವ ಮರಾಠಿ ಇಂಗ್ಲಿಷಿಗೂ ಇಳಿದಿರಬೇಕು. ಈ ವಿಷಯದಲ್ಲಿ ಇಂಗ್ಲಿಷು ಕನ್ನಡಕ್ಕೇ ಹತ್ತಿರ: ಕನ್ನಡದಲ್ಲಿ ‘ಅದು’ ಎನ್ನುವ ವಸ್ತು ಅಲ್ಲಿ ‘ಇಟ್’. ಆದ್ದರಿಂದ ಮೊದಲು ಕನ್ನಡದಲ್ಲಿ ಹೇಳಿಸಿ, ಆಮೇಲೆ ಬರೆಸಿ. ಮನೆಮಾತು ಇಲ್ಲಿ ನಿಜಕ್ಕೂ ದೊಡ್ಡ ಆಸರೆ.

‘ಎಸ್’ ಪ್ರತ್ಯಯ ಎಲ್ಲ ಪದಗಳಿಗೂ ಹತ್ತುವುದಿಲ್ಲ. ಲಯನ್ ಲಯನೆಸ್ ಆಗುತ್ತದೆ, ಸರಿ. ಆದರೆ ಆಕ್ಟರ್, ವೇಟರ್ ಪದಗಳಲ್ಲಿ ‘ರ್’ಗೆ ಮುಂಚಿನ ಸ್ವರ ಬಿದ್ದುಹೋಗಿ ಆಕ್ಟ್ರೆಸ್, ವೇಟ್ರೆಸ್ ಆಗುತ್ತವೆ; ಆ ಸ್ವರ ಉಳಿಸಿಕೊಂಡು ಬರೆದರೆ ಕಾಗುಣಿತ ಕೆಡುತ್ತದೆ. ಅಂಕಲ್–ಆಂಟ್, ನೆಫ್ಯೂ–ನೀಸ್, ಬುಲ್–ಕೌ ಬೇರೆಬೇರೆ ಪದಗಳೇ; ಬಾಯಿಪಾಠವೇ ದಾರಿ. ಡಾಕ್ಟರ್, ಟೀಚರ್, ಕಸಿನ್ ಉಭಯಲಿಂಗ. ಹೆಣ್ಣೋ ಗಂಡೋ ಎಂಬುದು ‘ಹೀ’, ‘ಶೀ’ಯಿಂದ ತಿಳಿಯುತ್ತದೆ.

ಗವರ್ನೆಸ್ ಪದದ ಬಗ್ಗೆ ಎಚ್ಚರ. ಅದು ಮನೆಯಲ್ಲಿದ್ದು ಮಕ್ಕಳಿಗೆ ಕಲಿಸುವ ಶಿಕ್ಷಕಿ. 1962ರಲ್ಲಿ ಮಹಾರಾಷ್ಟ್ರದ ರಾಜ್ಯಪಾಲರಾದ ವಿಜಯಲಕ್ಷ್ಮಿ ಪಂಡಿತರು ಗವರ್ನರ್, ಗವರ್ನೆಸ್ ಅಲ್ಲ. ಆಕ್ಟ್ರೆಸ್ ಬದಲು ಆಕ್ಟರ್, ಚೇರ್‌ಮನ್ ಬದಲು ಚೇರ್‌ಪರ್ಸನ್ ಎನ್ನುವುದು ಈಗ ಹೆಚ್ಚು. ಪರೀಕ್ಷೆಯಲ್ಲಿ ಮಾತ್ರ ಪಠ್ಯಪುಸ್ತಕದ ಜೋಡಿಯನ್ನೇ ಬರೆಯಲಿ.

ವಿಡೋ–ವಿಡೋವರ್ ತಲೆಕೆಳಗು: ಇಲ್ಲಿ ಸ್ತ್ರೀಲಿಂಗಕ್ಕೆ ಪ್ರತ್ಯಯ ಸೇರಿ ಪುಲ್ಲಿಂಗವಾಗುತ್ತದೆ. ಬ್ರೈಡ್–ಬ್ರೈಡ್‌ಗ್ರೂಮ್ ಕೂಡ ಹಾಗೆಯೇ, ಹೆಣ್ಣಿನ ಪದದ ಮೇಲೆ ಕಟ್ಟಿದ್ದು.