ನೇಪರ್‌ವಿಲ್ ಹಿತ್ತಲಲ್ಲಿ ಏನು ಬೆಳೆಯುತ್ತೆ, ಚಳಿಗಾಲಕ್ಕೆ ಏನು ಉಳಿಯುತ್ತೆ

ಆಗಸ್ಟಿನಲ್ಲಿ ಶಿಕಾಗೋ ಪಕ್ಕದ ನೇಪರ್‌ವಿಲ್ಲಿಗೆ ಬಂದಿದ್ದೀರಿ, ಮನೆಗೆ ಸ್ವಲ್ಪ ಹಿತ್ತಲಿದೆ. ನವೆಂಬರಿನಲ್ಲಿ ಅಮ್ಮ ಬರುವಾಗ ಅವರೆ ಬೀಜ, ಕರಿಬೇವಿನ ಸಸಿ, ಅಕ್ಕಿ, ಕಾಳು ತರಿಸಲಾ, ಟೊಮೆಟೊ ಗೊಜ್ಜು ಬಾಟಲಿಗೆ ತುಂಬಿ ಚಳಿಗಾಲಕ್ಕೆ ಇಡಬಹುದಾ ಅಂತ ಕೇಳಿದ್ದೀರಿ. ಮೊದಲು ಅಮ್ಮನ ಸೂಟ್‌ಕೇಸಿನ ವಿಷಯ ಮುಗಿಸೋಣ, ಅಲ್ಲಿ ಎಡವಿದರೆ ಏರ್‌ಪೋರ್ಟಿನಲ್ಲೇ ಎಲ್ಲ ಕಸದ ಬುಟ್ಟಿಗೆ ಹೋಗುತ್ತೆ.

ಕರಿಬೇವು ನಿಂಬೆ, ಕಿತ್ತಳೆಯ ಕುಟುಂಬದ ಗಿಡ. ಆ ತೋಟಗಳಿಗೆ ಗ್ರೀನಿಂಗ್ ರೋಗ ಹರಡುವ ಸಿಲ್ಲಿಡ್ ಅನ್ನೋ ಕೀಟ ಇದರ ಮೇಲೂ ಕೂರುತ್ತೆ. ಹಾಗಾಗಿ ಸಸಿಯೂ ಬೇಡ, ಹಸಿ ಎಲೆಯೂ ಬೇಡ. ಅಕ್ಕಿ, ಕಡಲೆಯಂಥ ಇಡೀ ಕಾಳುಗಳಿಗೆ ಧಾನ್ಯ ತಿನ್ನುವ ಖಾಪ್ರಾ ಅನ್ನೋ ಹುಳದ ಕಾರಣಕ್ಕೆ ತಡೆ. ಬಿತ್ತನೆ ಬೀಜಕ್ಕೆ ಸಸ್ಯ ಆರೋಗ್ಯದ ಸರ್ಟಿಫಿಕೇಟ್ ಬೇಕು, ಇಲ್ಲವೇ ಸಣ್ಣ ಪ್ರಮಾಣದ ಬೀಜಕ್ಕೆ ಅಂತಲೇ ಇರುವ ಪರ್ಮಿಟ್ಟನ್ನು ನೀವು ಮೊದಲೇ ತೆಗೆದಿರಬೇಕು. ಹುಳಿ ಪುಡಿ, ಚಟ್ನಿಪುಡಿ, ಹಪ್ಪಳ, ಸಂಡಿಗೆ ತರಲಿ. ಏನೇ ತಂದರೂ ಕಸ್ಟಮ್ಸ್‌ನಲ್ಲಿ ತಿನ್ನುವ ಪದಾರ್ಥ ಇದೆ ಅಂತ ಹೇಳಿಬಿಡಬೇಕು. ಹೇಳಿದರೆ ಹೆಚ್ಚೆಂದರೆ ಎತ್ತಿಟ್ಟುಕೊಳ್ತಾರೆ, ಮುಚ್ಚಿಟ್ಟರೆ ದಂಡ.

ಇನ್ನು ಅವರೆ. ಸಾಮಾನ್ಯವಾಗಿ ಊರಿನ ನಾಟಿ ಅವರೆ ಬಿತ್ತಿ, ಬಳ್ಳಿ ಬೇಲಿ ತುಂಬ ಹಬ್ಬಿ, ಒಂದು ಕಾಯಿಯೂ ಸಿಗದೆ ಕೈಬಿಡ್ತಾರೆ. ಅದಕ್ಕೆ ಮಣ್ಣು, ಗೊಬ್ಬರ ಕಾರಣವಲ್ಲ. ನಾಟಿ ಅವರೆ ಹಗಲು ಗಿಡ್ಡವಾದಾಗ ಮಾತ್ರ ಹೂ ಬಿಡುವ ಬೆಳೆ, ಅದಕ್ಕೇ ನಮ್ಮಲ್ಲಿ ಅದು ಡಿಸೆಂಬರಿನ ಸಂಭ್ರಮ. ಬೆಂಗಳೂರಿನಲ್ಲಿ ವರ್ಷದ ಅತಿ ಉದ್ದದ ಹಗಲೂ 13 ಗಂಟೆ ದಾಟಲ್ಲ. ಇಲ್ಲಿ ಜೂನ್‌ನಲ್ಲಿ 15 ಗಂಟೆಗೂ ಮೇಲೆ ಬೆಳಕು, 12 ಗಂಟೆಗೆ ಇಳಿಯೋದು ಸೆಪ್ಟೆಂಬರ್ ಕೊನೆಗೆ. ಆಮೇಲೆ ಹೂ ಬಿಟ್ಟು ಕಾಯಿ ತುಂಬೋದರೊಳಗೆ, ಅಕ್ಟೋಬರ್ ಮಧ್ಯಕ್ಕೆ ಫ್ರಾಸ್ಟ್, ಅಂದರೆ ಹೆಪ್ಪುಗಟ್ಟುವ ಇಬ್ಬನಿ, ಬಿದ್ದು ಬಳ್ಳಿ ಒಂದೇ ರಾತ್ರಿಗೆ ಕಪ್ಪಾಗುತ್ತೆ.

ಹಗಲಿನ ಉದ್ದ ನೋಡದೆ ಹೂ ಬಿಡುವ ತಳಿ ಬೇಕು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-3 ಮತ್ತು 4, ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕ ಜಯ, ಅರ್ಕ ವಿಜಯ ಅಂಥವು, ಎಲ್ಲ ಗಿಡ್ಡ ಜಾತಿ. ಪರ್ಮಿಟ್ ತೆಗೆಯೋ ತಾಪತ್ರಯ ಪಡೋದಾದರೆ ಈ ಬೀಜಕ್ಕೇ ಪಡಿ. ಮೇ ಕೊನೆಗೆ, ಮಣ್ಣು ಮುಟ್ಟಿದರೆ ಬೆಚ್ಚಗಿದೆ ಅನ್ನಿಸಿದ ಮೇಲೆ, ನೇರ ನೆಲಕ್ಕೇ ಬಿತ್ತಿ. ತಣ್ಣನೆ ಒದ್ದೆ ಮಣ್ಣಲ್ಲಿ ಬೀಜ ಕೊಳೆಯುತ್ತೆ. ಒಂದೂವರೆ ತಿಂಗಳಿಗೆ ಹೂ ಕಾಣುತ್ತೆ. ಮೊಳಕೆ ಬರೋ ಮುಂಚೆಯೇ ಸುತ್ತ ಎರಡಡಿ ಎತ್ತರಕ್ಕೆ ಕೋಳಿಗೂಡಿಗೆ ಹಾಕುವಂಥ ತಂತಿಬಲೆ (ಚಿಕನ್ ವೈರ್) ಕಟ್ಟಿ, ತಳವನ್ನು ಮಣ್ಣಲ್ಲಿ ಹುಗಿಯಿರಿ. ಇಲ್ಲಿಯ ಮೊಲಗಳು ಎರಡೆಲೆಯ ಸಸಿಯನ್ನು ಬೆಳಗಾಗೋದರೊಳಗೆ ಸಾಲುಸಾಲೇ ಮುಗಿಸ್ತವೆ. ಜುಲೈನಲ್ಲಿ ಎಲೆಯನ್ನು ನರ ಮಾತ್ರ ಉಳಿಯೋ ಹಾಗೆ ತಿನ್ನೋದು ಜಪಾನೀಸ್ ಬೀಟಲ್. ಬೆಳಗಿನ ತಂಪಿನಲ್ಲಿ ಅವು ಮಂಕಾಗಿರುತ್ತವೆ, ಸೋಪಿನ ನೀರಿನ ಬಕೆಟ್ ಕೆಳಗೆ ಹಿಡಿದು ಎಲೆ ಒದರಿದರೆ ಸಾಕು.

ಸೊಗಡು? ಬೇಸಿಗೆಯ ಅವರೆಯಲ್ಲಿ ಮಾಗಿಯ ಅವರೆಯ ಸೊಗಡು ಬರಲ್ಲ, ಒಪ್ಪಿಕೊಳ್ಳಬೇಕು. ನಿಮ್ಮ ಬೆಳೆ ಬರೋವರೆಗೆ ಇಂಡಿಯನ್ ಅಂಗಡಿಯ ಫ್ರೀಜರಿನಲ್ಲಿ ‘ಸೂರ್ತಿ ಪಾಪಡಿ ಲಿಲ್ವಾ’ ಅನ್ನೋ ಪ್ಯಾಕೆಟ್ ಹುಡುಕಿ. ಗುಜರಾತಿ ಹೆಸರು, ಕಾಳು ಅವರೆಯದೇ. ಉಪ್ಪಿಟ್ಟಿಗೂ ಸಾರಿಗೂ ನಡೆಯುತ್ತೆ. ಬಿಸಿನೀರಲ್ಲಿ ಹತ್ತು ನಿಮಿಷ ಬಿಟ್ಟು ಹಿಸುಕಿದರೆ ಹಿತಕಿದ ಬೇಳೆಯೂ ಆಗುತ್ತೆ.

ಕರಿಬೇವಿನ ಸಸಿಯನ್ನು ಇಲ್ಲಿಯೇ, ಬೇರೆ ರಾಜ್ಯಕ್ಕೆ ಕಳಿಸಲು ಪರವಾನಗಿ ಇರುವ ನರ್ಸರಿಯಿಂದ ತೆಗೆದುಕೊಳ್ಳಿ. ತಳದಲ್ಲಿ ತೂತಿರುವ ಕುಂಡದಲ್ಲಿರಲಿ. ರಾತ್ರಿ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯೋ ಮುಂಚೆ, ಅಂದರೆ ಸೆಪ್ಟೆಂಬರ್ ಹೊತ್ತಿಗೆ, ಎಲೆಯ ಅಡಿಭಾಗವನ್ನೆಲ್ಲ ತೊಳೆದು ಒಳಗೆ ತನ್ನಿ. ಇಲ್ಲದಿದ್ದರೆ ಹೀಟರಿನ ಒಣ ಗಾಳಿಗೆ ಜೇಡನುಸಿ ವಿಪರೀತ ಹೆಚ್ಚುತ್ತೆ. ಜನವರಿಯಲ್ಲಿ ಎಲೆ ಉದುರಿ ಬರೀ ಕಡ್ಡಿ ನಿಂತರೆ ಗಾಬರಿಯಾಗಿ ನೀರು ಸುರಿಯಬೇಡಿ. ಚಳಿಗಾಲದಲ್ಲಿ ಗಿಡ ಸಾಯೋದು ಹೆಚ್ಚಾಗಿ ನೀರು ಜಾಸ್ತಿಯಾಗಿ ಬೇರು ಕೊಳೆತೇ. ಬೆರಳು ಎರಡು ಗೆಣ್ಣು ಇಳಿಸಿ, ಒಣಗಿದ್ದರೆ ಮಾತ್ರ ಹಾಕಿ. ಹುಳಿ ಮಜ್ಜಿಗೆ ಹಾಕು ಅಂತ ಊರಿಂದ ಸಲಹೆ ಬಂದೇ ಬರುತ್ತೆ. ಮುಚ್ಚಿದ ಮನೆಯೊಳಗೆ ಅದರಿಂದ ಸಿಗೋದು ವಾಸನೆ ಮತ್ತು ಗುಂಗುರು. ನರ ಹಸಿರಿದ್ದು ಎಲೆ ಹಳದಿಯಾದರೆ ಕಬ್ಬಿಣದ ಕೊರತೆ, ಕೀಲೇಟೆಡ್ ಐರನ್ (ಗಿಡ ಸುಲಭವಾಗಿ ಹೀರಿಕೊಳ್ಳುವ ಕಬ್ಬಿಣದ ಗೊಬ್ಬರ) ಕೊಡಿ. ಮೇ ಮಧ್ಯದ ಮೇಲೆ ಹೊರಗಿಡುವಾಗ ಮೊದಲ ವಾರ ನೆರಳಲ್ಲಿರಲಿ.

ಈಗ ಬಾಟಲಿ. ಇದರಲ್ಲಿ ಅಂದಾಜು ನಡೆಯಲ್ಲ. ಬಾಟ್ಯುಲಿಸಂ ಅನ್ನೋ, ಪ್ರಾಣಕ್ಕೇ ಕುತ್ತಾಗಬಲ್ಲ ಆಹಾರ ವಿಷಬಾಧೆ ತರುವ ಬ್ಯಾಕ್ಟೀರಿಯಾದ ಬೀಜಾಣು 100 ಡಿಗ್ರಿಯ ಕುದಿತಕ್ಕೆ ಸಾಯಲ್ಲ. ಹುಳಿ ಕಮ್ಮಿಯಿದ್ದು ಗಾಳಿಯಿಲ್ಲದ ಬಾಟಲಿಯೊಳಗೆ ಅದು ಮೊಳೆತು ವಿಷ ಬಿಡುತ್ತೆ, ಮೂಗಿಗೂ ನಾಲಿಗೆಗೂ ಗೊತ್ತಾಗದೆ ಇರಬಹುದು. ಅದನ್ನು ತಡೆಯೋದು ಹುಳಿ: ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 4.6ಕ್ಕಿಂತ ಕೆಳಗಿರಬೇಕು. ಟೊಮೆಟೊ ಆ ಗಡಿಯ ಆಚೀಚೆ ಓಲಾಡುತ್ತೆ, ಹಾಗಾಗಿ ಹುಳಿ ಸೇರಿಸಲೇಬೇಕು. ಈರುಳ್ಳಿ, ಬೆಳ್ಳುಳ್ಳಿ, ಎಣ್ಣೆ ಬಿದ್ದ ಗೊಜ್ಜನ್ನು ಬಾಟಲಿಯಲ್ಲಿ ಮುಚ್ಚಿ ಹೊರಗಿಡುವ ಹಾಗೇ ಇಲ್ಲ, ಅದು ಫ್ರೀಜರಿಗೆ. ಊರಿನ ಸೀಟಿ ಕುಕ್ಕರ್ ಪ್ರೆಷರ್ ಕ್ಯಾನರ್‌ಗೆ (ಬಾಟಲಿಗಳನ್ನು ಒತ್ತಡದಲ್ಲಿ 100 ಡಿಗ್ರಿಗಿಂತ ಹೆಚ್ಚು ಕಾಯಿಸುವ ದೊಡ್ಡ ಪಾತ್ರೆ) ಬದಲಿಯಾಗಲ್ಲ; ಬೇಗ ಕಾದು ಬೇಗ ಆರುವ ಸಣ್ಣ ಪಾತ್ರೆಗೆ ಕ್ಯಾನರಿನ ಲೆಕ್ಕದ ಹೊತ್ತುಗಳು ಹೊಂದಲ್ಲ.

ಬಾಟಲಿಗೆ (ಮುಚ್ಚಳ, ರಿಂಗ್ ಬೇರೆಬೇರೆ ಇರುವ ಗಾಜಿನ ಕ್ಯಾನಿಂಗ್ ಜಾರ್) ಬರೀ ಟೊಮೆಟೊ ಹಾಕಿ. ಆಗಸ್ಟ್ ಕೊನೆಗೆ ಫಾರ್ಮರ್ಸ್ ಮಾರ್ಕೆಟ್ಟಿನಲ್ಲಿ ರೋಮಾ ಟೊಮೆಟೊ ಬುಶೆಲ್ ಲೆಕ್ಕದಲ್ಲಿ ಸಿಗುತ್ತೆ. ಒಂದು ಬುಶೆಲ್ ಸುಮಾರು 24 ಕೆಜಿ, 17ರಿಂದ 20 ಕ್ವಾರ್ಟ್ (ಲೀಟರಿಗೆ ತುಸು ಕಮ್ಮಿ) ಬಾಟಲಿ ತುಂಬುತ್ತೆ. ಕುದಿಯೋ ನೀರಲ್ಲಿ ಅರ್ಧದಿಂದ ಒಂದು ನಿಮಿಷ ಅದ್ದಿ, ತಣ್ಣೀರಿಗೆ ಹಾಕಿ ಸಿಪ್ಪೆ ತೆಗೆದು, ಹಿಚುಕಿ 5 ನಿಮಿಷ ಕುದಿಸಿ. ಪ್ರತಿ ಕ್ವಾರ್ಟ್ ಬಾಟಲಿಗೆ ಮೊದಲು 2 ಟೇಬಲ್ ಚಮಚ ಅಂಗಡಿಯಲ್ಲಿ ಬಾಟಲಿಯಲ್ಲಿ ಸಿಗುವ ನಿಂಬೆರಸ ಅಥವಾ ಅರ್ಧ ಟೀ ಚಮಚ ಸಿಟ್ರಿಕ್ ಆಸಿಡ್ ಹಾಕಿ. ಹಿಂಡಿದ ನಿಂಬೆ ಬೇಡ, ಅದರ ಹುಳಿ ಹಣ್ಣಿನಿಂದ ಹಣ್ಣಿಗೆ ಬದಲಾಗುತ್ತೆ. ಬಿಸಿಬಿಸಿ ಟೊಮೆಟೊ ತುಂಬಿ ಮೇಲೆ ಅರ್ಧ ಇಂಚು ಖಾಲಿ ಬಿಡಿ. ಬಾಯಿ ಒರೆಸಿ, ಹೊಸ ಮುಚ್ಚಳ ಇಟ್ಟು ರಿಂಗ್ ಬಿಗಿದು, ಬಾಟಲಿಯ ಮೇಲೆ ಒಂದಿಂಚು ನಿಲ್ಲೋವಷ್ಟು ನೀರಲ್ಲಿ 45 ನಿಮಿಷ ಕುದಿಸಿ. ಪೈಂಟ್ (ಅರ್ಧ ಕ್ವಾರ್ಟ್) ಬಾಟಲಿಗೆ 35 ನಿಮಿಷ, ಹುಳಿ ಅರ್ಧ. ಶಿಕಾಗೋ ಸುತ್ತಿನ ಎತ್ತರಕ್ಕೆ ಈ ಲೆಕ್ಕ ಸರಿ. ಮುಂದೆ ಎತ್ತರದಲ್ಲಿರುವ ಡೆನ್ವರಿಗೆ ಹೋದರೆ ಹೊತ್ತು ಹೆಚ್ಚಿಸಬೇಕು. ಮರುದಿನ ಮುಚ್ಚಳದ ನಡುವೆ ಒತ್ತಿ, ಟಿಕ್ ಅಂದರೆ ಸೀಲ್ ಆಗಿಲ್ಲ. ಅದನ್ನು ಫ್ರಿಜ್ಜಿನಲ್ಲಿಟ್ಟು ಆ ವಾರ ಮುಗಿಸಿ.

ನನ್ನ ಕೇಳಿದರೆ, ಮೊದಲ ವರ್ಷ ಬಾಟಲಿಗಿಂತ 7 ಘನ ಅಡಿಯ ಚೆಸ್ಟ್ ಫ್ರೀಜರೇ ಒಳ್ಳೆಯ ಖರ್ಚು. ಗೊಜ್ಜು, ತೆಂಗಿನತುರಿ, ತೊಳೆಯದ, ನೀರಿನ ಪಸೆಯಿಲ್ಲದ ಕರಿಬೇವು, 2-3 ನಿಮಿಷ ಕುದಿನೀರಲ್ಲಿ ಅದ್ದಿ ಆರಿಸಿದ ಹಸಿ ಕಾಳು, ಎಲ್ಲವನ್ನೂ ಜಿಪ್ ಚೀಲದಲ್ಲಿ ಚಪ್ಪಟೆಯಾಗಿ ಹರಡಿ ಇಡಿ. ಅಂಗಡಿಯಿಂದ ತಂದ ಅಕ್ಕಿ, ರವೆಯಲ್ಲಿ ಹುಳದ ಮೊಟ್ಟೆ ಇದ್ದೇ ಇರುತ್ತೆ ಅಂದುಕೊಳ್ಳಿ. ನಾಲ್ಕು ದಿನ ಫ್ರೀಜರಿನಲ್ಲಿಟ್ಟು, ಚೀಲ ಬಿಚ್ಚದೆ ಪೂರ್ತಿ ಕೋಣೆಯ ಬಿಸಿಗೆ ಬಂದ ಮೇಲೆ ಡಬ್ಬಿಗೆ ಸುರಿಯಿರಿ. ತಣ್ಣಗಿರುವಾಗಲೇ ಬಿಚ್ಚಿದರೆ ಬೆವರು ಕೂತು ಬೂಷ್ಟು ಹಿಡಿಯುತ್ತೆ. ಜೋಳದ ಹಿಟ್ಟನ್ನು ಮಾತ್ರ ಕೂಡಿಡಬೇಡಿ, ಹಳತಾದಷ್ಟೂ ಜಿಗಿ ಹೋಗಿ ಬಡಿಯುವಾಗಲೇ ರೊಟ್ಟಿ ಹರಿಯುತ್ತೆ. ಹಾಗಾದಾಗ ಕುದಿಯೋ ಎಸರು ಹಾಕಿ ನಾದಿದರೆ ಸ್ವಲ್ಪ ಸುಧಾರಿಸುತ್ತೆ.

ಉಪ್ಪಿನಕಾಯಿಗೆ ಮೆಕ್ಸಿಕನ್ ಅಂಗಡಿಯ ಸಣ್ಣ ಕೀ ಲೈಮ್ ನಮ್ಮ ನಿಂಬೆಯೇ. ಕೆಜಿಗೆ 200ರಿಂದ 250 ಗ್ರಾಂ ಉಪ್ಪು, ತೂಕ ಮಾಡಿಯೇ ಹಾಕಿ. ಇಲ್ಲಿಯ ದಪ್ಪ ಹರಳಿನ ಕೋಶರ್ ಉಪ್ಪಿನಲ್ಲಿ ಕೆಲವು ಎಷ್ಟು ಹಗುರ ಅಂದರೆ, ಲೋಟದ ಲೆಕ್ಕದಲ್ಲಿ ಹಾಕಿದರೆ ಅರ್ಧ ಉಪ್ಪೂ ಬಿದ್ದಿರಲ್ಲ.

ಈ ವರ್ಷವೇ ಹಿತ್ತಲಿಗೆ ಕೈ ಹಾಕಬೇಕಾದರೆ ಈ ಆಗಸ್ಟಿನಲ್ಲೇ ಮೆಂತ್ಯ, ಪಾಲಕ್, ಮೂಲಂಗಿ ಬಿತ್ತಿ. ಮೆಂತ್ಯ ತಿಂಗಳೊಳಗೆ ಕೊಯ್ಲಿಗೆ ಬರುತ್ತೆ, ಪಾಲಕ್ ಹಗುರ ಫ್ರಾಸ್ಟಿಗೂ ಜಗ್ಗಲ್ಲ. ಅಕ್ಟೋಬರ್ ಮಧ್ಯದಲ್ಲಿ ಬೆಳ್ಳುಳ್ಳಿ ಎಸಳನ್ನು ಚೂಪು ತುದಿ ಮೇಲಾಗಿ ಎರಡಿಂಚು ಆಳಕ್ಕೆ, ಆರಿಂಚು ಅಂತರದಲ್ಲಿ ಊರಿ, ಮೇಲೆ ಒಣಹುಲ್ಲು ಹೊದಿಸಿ. ಜುಲೈಗೆ ಕೀಳಬಹುದು. ಬಾಡಿಗೆ ಮನೆಯಾದರೆ ನೆಲ ಅಗೆಯೋ ಮುಂಚೆ ಮಾಲೀಕರನ್ನು ಕೇಳಿ, ಗ್ಯಾಸ್ ಕೊಳವೆ, ವಿದ್ಯುತ್ ತಂತಿ ಎಲ್ಲಿವೆ ಅಂತ ಗುರುತು ಹಾಕಿಸಲು 811ಕ್ಕೆ ಫೋನ್ ಮಾಡಿ, ಅದು ಉಚಿತ.