ಡಿಕಾಕ್ಷನ್ ನೀರಾಗುವುದಕ್ಕೆ ಕಾರಣ

ಚಿಕೋರಿ (ಕಾಫಿಪುಡಿಗೆ ಬೆರೆಸುವ ಒಂದು ಬೇರಿನ ಪುಡಿ) ಇಲ್ಲದ ಪುಡಿ ಹಾಕಿದರೆ ಫಿಲ್ಟರ್ ಕಾಫಿ ದಿನಾ ನೀರಾಗುತ್ತದೆ, ಬೆಳಗ್ಗೆಯೇ ಮೂಡ್ ಹಾಳು, ಇದೂ ಒಂದು ಸಮಸ್ಯೆಯಾ ಅಂತ ಕೇಳಿದ್ದೀರಿ. ಖಂಡಿತ ಸಮಸ್ಯೆಯೇ! ನಮ್ಮ ಮನೆಯಲ್ಲಿ ಇದಕ್ಕೇ ಎರಡು ದಿನ ಮಾತು ನಿಂತಿತ್ತು.

ಚಿಕೋರಿ ನೀರನ್ನು ಹಿಡಿದಿಟ್ಟು ನಿಧಾನಕ್ಕೆ ಬಿಡುತ್ತದೆ. ಅದಿಲ್ಲದಿದ್ದರೆ ನೀರು ಸರಸರ ಇಳಿದುಬಿಡುತ್ತದೆ. 80:20 ಪುಡಿ, ಅಂದರೆ 80 ಭಾಗ ಕಾಫಿಗೆ 20 ಭಾಗ ಚಿಕೋರಿ ಇರುವುದನ್ನು ತಂದು ನೋಡಿ. ಪ್ಯೂರ್ ಕಾಫಿಯೇ ಬೇಕೆಂದರೆ ಸ್ವಲ್ಪ ನುಣ್ಣಗೆ ಪುಡಿ ಮಾಡಿಸಿ, ಹದವಾಗಿ ಒತ್ತಿ. ಬಿಸಿನೀರು ಒಮ್ಮೆಲೇ ಸುರಿಯಬೇಡಿ. ಮೊದಲು ಪುಡಿ ನೆನೆಯುವಷ್ಟು, ಅರ್ಧ ನಿಮಿಷ ಬಿಟ್ಟು ಉಳಿದದ್ದು. ನಾನಂತೂ ರಾತ್ರಿಯೇ ಹಾಕಿಟ್ಟು ಮಲಗುತ್ತೇನೆ. ಬೆಳಗ್ಗೆ ಫಿಲ್ಟರ್ ಬಿಚ್ಚಿದಾಗ ಬರುವ ಆ ಘಮ ಇದೆಯಲ್ಲ, ಅಲಾರಂ ಮೇಲಿನ ಸಿಟ್ಟೆಲ್ಲ ಅಲ್ಲೇ ಇಳಿಯುತ್ತದೆ. ಹಾಂ, ಡಿಕಾಕ್ಷನ್ ಮತ್ತೆ ಕುದಿಸಬೇಡಿ, ಕಹಿಯಾಗುತ್ತದೆ. ಹಾಲು ಚೆನ್ನಾಗಿ ಕಾದಿದ್ದರೆ ಸಾಕು.