ಮನಸ್ಸಿನ ಮಾತು: ಜಾತಕ ಸದ್ಯಕ್ಕೆ ಒಳಗಿಡಿ

ಪ್ರಶ್ನೆ: ನನ್ನ ಮಗನಿಗೆ 26 ವರ್ಷ. ವೈಟ್‌ಫೀಲ್ಡ್‌ನಲ್ಲಿ ಕೆಲಸ, ಅಲ್ಲೇ ಪಿ.ಜಿ.ಯಲ್ಲಿದ್ದಾನೆ. ಯುಗಾದಿಗೆ ಬಂದಿದ್ದಾಗ ಟೆರೇಸ್ ಮೇಲೆ ನನ್ನ ಜೊತೆ ಬಟ್ಟೆ ಒಣಹಾಕುತ್ತಾ, ‘ಅಮ್ಮಾ, ನಂಗೆ ಹುಡುಗೀರ ಮೇಲೆ ಮನಸ್ಸೇ ಬರಲ್ಲ, ಹುಡುಗರ ಮೇಲೇ. ಹೈಸ್ಕೂಲಿಂದ್ಲೂ ಹೀಗೇ’ ಅಂದುಬಿಟ್ಟ. ನಾನು ಏನೂ ಹೇಳದೆ ಬಕೆಟ್ ಎತ್ತಿಕೊಂಡು ಕೆಳಗಿಳಿದೆ. ಈಗ ನೇರ ಮೆಟ್ರೋ ಇದ್ದರೂ ಭಾನುವಾರ ಮನೆಗೆ ಬರುವುದಿಲ್ಲ. ಯಜಮಾನರಿಗೆ ವಿಷಯ ಗೊತ್ತಿಲ್ಲ, ಶ್ರಾವಣದಲ್ಲಿ ಮದುವೆ ಮುಗಿಸೋಣ ಅಂತ ಜಾತಕ ತೆಗೆದಿದ್ದಾರೆ. ನನ್ನ ತಂಗಿ, ‘ಇಂಜೆಕ್ಷನ್ ಕೊಟ್ಟು ಸರಿ ಮಾಡೋ ಡಾಕ್ಟರಿದ್ದಾರೆ, ಮದುವೆ ಆದ್ರೆ ಮಿಕ್ಕಿದ್ದು ತಾನೇ ಸರಿಹೋಗುತ್ತೆ’ ಅಂತಾಳೆ. ನನಗೆ ಇನ್ನೊಂದು ಕೊರಗು. ಹೆಣ್ಣುಮಗು ಬೇಕೆಂಬ ಆಸೆಯಿಂದ, ಜವಳ ತೆಗೆಸುವ ಮುಂಚೆ ಅವನಿಗೆ ಮೊಗ್ಗಿನ ಜಡೆ ಹಾಕಿ, ಲಂಗ ತೊಡಿಸಿ ಸ್ಟುಡಿಯೋದಲ್ಲಿ ಫೋಟೋ ತೆಗೆಸಿದ್ದೆ. ಅದರಿಂದ ಹೀಗಾಯಿತೇ?
– ಹೆಸರು ಬೇಡ, ವಿಜಯನಗರ

ಉತ್ತರ: ತಾಯಿ, ಮೊದಲು ಆ ಜಾತಕ ಒಳಗಿಡಿಸಿ. ‘ಅವನು ಸದ್ಯಕ್ಕೆ ಮದುವೆ ಬೇಡ ಅಂತಿದ್ದಾನೆ, ಒತ್ತಾಯ ಬೇಡ’ ಎಂದು ಯಜಮಾನರಿಗೆ ಹೇಳಿದರೆ ಸಾಕು. ಅದು ಸುಳ್ಳೂ ಅಲ್ಲ. ನೀವು ಮಗನ ಬಗ್ಗೆ ಇಷ್ಟೆಲ್ಲ ಬರೆದಿದ್ದೀರಿ. ಆದರೆ ಶ್ರಾವಣದಲ್ಲಿ ಹಸೆಮಣೆ ಏರಬೇಕಾದ ಆ ಇನ್ನೊಂದು ಮನೆಯ ಹುಡುಗಿಯ ಬಗ್ಗೆ ಒಂದು ಸಾಲೂ ಇಲ್ಲ. ಕೆಳಗಿನ ಎರಡನೇ ಪತ್ರ ಓದಿ. ಅದನ್ನು ಬರೆದಿರುವುದು ಅಂಥ ಒಬ್ಬ ಹುಡುಗಿಯೇ.

ಫೋಟೋ ವಿಷಯ. ನಮ್ಮ ಬಸವನಗುಡಿ, ಮಲ್ಲೇಶ್ವರದ ಹಳೇ ಮನೆಗಳ ಆಲ್ಬಮ್ ತೆಗೆದರೆ ಹಿಂದೆ ಕನ್ನಡಿ ಇಟ್ಟು ಜಡೆ ಕಾಣುವಂತೆ ತೆಗೆಸಿದ ಗಂಡುಮಕ್ಕಳ ಫೋಟೋ ಬೇಕಾದಷ್ಟು ಸಿಗುತ್ತವೆ. ಆ ಮಕ್ಕಳಲ್ಲಿ ಹೆಚ್ಚಿನವರು ಇವತ್ತು ಹೆಂಡತಿ ಮಕ್ಕಳೊಂದಿಗೆ ಸಂಸಾರ ಮಾಡಿಕೊಂಡಿದ್ದಾರೆ. ಚೈತ್ರ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯಲ್ಲಿ ಕರಗ ನೋಡಿದ್ದೀರಲ್ಲ? ಬಳೆ ತೊಟ್ಟು, ಸೀರೆಯುಟ್ಟು ಕರಗ ಹೊರುವವರೂ ಸಂಸಾರಸ್ಥರೇ. ಉಡುವ ಬಟ್ಟೆ ಒಂದು, ‘ನಾನು ಗಂಡೋ ಹೆಣ್ಣೋ’ ಎಂಬ ಒಳಗಿನ ಅರಿವು ಇನ್ನೊಂದು, ಯಾರ ಮೇಲೆ ಮನಸ್ಸು ಹೋಗುತ್ತದೆ ಎಂಬುದು ಮತ್ತೊಂದು. ನಿಮ್ಮ ಮಗ ಹೇಳಿದ್ದು ಮೂರನೆಯದನ್ನು ಮಾತ್ರ. ಅವನು ತಾನು ಹೆಣ್ಣು ಅಂದಿಲ್ಲ, ಹೆಣ್ಣಾಗಬೇಕು ಅಂತಲೂ ಅಂದಿಲ್ಲ. ನಮ್ಮ ಜನ ಈ ಮೂರನ್ನೂ ಕಲಸಿಬಿಡುವುದರಿಂದ ಎಷ್ಟೋ ತಾಯಂದಿರು ನಿಮ್ಮ ಹಾಗೆ ಹಳೇ ಆಲ್ಬಮ್ ಹಿಡಿದು ಅಳುತ್ತಾರೆ.

ಹಾಗಾದರೆ ಕಾರಣ ಏನು? 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ 4.7 ಲಕ್ಷಕ್ಕೂ ಹೆಚ್ಚು ಜನರ ವಂಶವಾಹಿಗಳನ್ನು ಪರಿಶೀಲಿಸಿದ ಅಧ್ಯಯನ ಬಂತು. ಇದಕ್ಕೆಂದೇ ಒಂದು ಜೀನ್ ಇಲ್ಲ, ಹಲವು ಜೀನ್‌ಗಳ ಸಣ್ಣ ಸಣ್ಣ ಪ್ರಭಾವವಿದೆ, ಅವಷ್ಟೇ ನೋಡಿ ಯಾರ ಬಗ್ಗೆಯೂ ಹೇಳಲಾಗದು ಎಂದು ತಿಳಿಯಿತು. ಹುಟ್ಟುವ ಮೊದಲಿನ ಬೆಳವಣಿಗೆಯ ಪಾತ್ರವನ್ನೂ ಸಂಶೋಧಕರು ಗುರುತಿಸಿದ್ದಾರೆ. ತಾಯಿ ಹೇಗೆ ಸಾಕಿದಳು ಎಂಬುದರಿಂದ ಹೀಗಾಗುತ್ತದೆ ಎನ್ನಲು ಆಧಾರವಿಲ್ಲ. ದಯವಿಟ್ಟು ಆ ಕೊರಗು ಬಿಡಿ.

ಇನ್ನು ಇಂಜೆಕ್ಷನ್. ಇದನ್ನು ಬರೆಯುವಾಗ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಗಂಡಸರ ಹಾರ್ಮೋನ್ ಕೊಟ್ಟರೆ ಆಸೆ ಹೆಚ್ಚಬಹುದು, ಆಸೆಯ ದಿಕ್ಕು ಬದಲಾಗುವುದಿಲ್ಲ. ಹಿಂದೆ ಕರೆಂಟ್ ಶಾಕ್ ಕೊಟ್ಟು, ವಾಂತಿ ಬರಿಸಿ ಕೂಡ ನೋಡಿದರು. ಅದರಿಂದ ಸಿಕ್ಕಿದ್ದು ಖಿನ್ನತೆ ಮತ್ತು ನಾಚಿಕೆ. ಇಂಥ ‘ಚಿಕಿತ್ಸೆ’ ಪಡೆದು ನನ್ನ ಬಳಿ ಬಂದ ಹುಡುಗನೊಬ್ಬ ನಾನು ಕೈ ತೊಳೆಯಲು ಎದ್ದರೂ ಬೆಚ್ಚಿಬೀಳುತ್ತಿದ್ದ, ಸೂಜಿ ತರಲು ಹೋಗುತ್ತಿದ್ದೇನೆಂದು. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಸಲಿಂಗಾಕರ್ಷಣೆಯನ್ನು ರೋಗಗಳ ಪಟ್ಟಿಯಿಂದ ಕೈಬಿಟ್ಟಿತು. ಇದು ಮನೋರೋಗವಲ್ಲ ಎಂದು ನಮ್ಮ ಭಾರತೀಯ ಮನೋವೈದ್ಯರ ಸಂಘವೂ 2018ರಲ್ಲಿ ಹೇಳಿದೆ. ಅದೇ ವರ್ಷ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ಇದು ಅಪರಾಧವೂ ಅಲ್ಲ ಎಂದಿತು. ‘ಸರಿ ಮಾಡುತ್ತೇನೆ’ ಎನ್ನುವ ಚಿಕಿತ್ಸೆ ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ರಾಜ್ಯ ವೈದ್ಯಕೀಯ ಮಂಡಳಿಗಳಿಗೆ ತಿಳಿಸಿದೆ. ನಿಮ್ಮ ತಂಗಿ ಹೇಳಿದ ಡಾಕ್ಟರ ಹೊಸಿಲು ತುಳಿಯಬೇಡಿ.

ಯಜಮಾನರಿಗೆ ನೀವಾಗಿ ಹೇಳಬೇಡಿ. ಅದು ಮಗನ ಮಾತು. ಯಾರಿಗೆ, ಯಾವಾಗ ಎಂದು ಅವನನ್ನೇ ಕೇಳಿ. ತಂಗಿಗೂ ಬಾಯಿ ಬಿಗಿಹಿಡಿಯಲು ಹೇಳಿ. ಮದುವೆ ಮನೆಗಳಲ್ಲಿ ಇಂಥ ವಿಷಯ ಎಷ್ಟು ಬೇಗ ಹರಡುತ್ತದೆಂದು ನಿಮಗೆ ಗೊತ್ತು.

ಅವನಿಗೆ ಇವತ್ತೇ ಫೋನ್ ಮಾಡಿ. ದೊಡ್ಡ ಮಾತೇನೂ ಬೇಡ. ‘ಅವತ್ತು ಏನು ಹೇಳಬೇಕು ಅಂತ ತಿಳೀಲಿಲ್ಲ ಕಣೋ. ಭಾನುವಾರ ಊಟಕ್ಕೆ ಬಾ, ಹುಡುಗಿ ಫೋಟೋ ಯಾರೂ ತೋರಿಸಲ್ಲ’ ಅನ್ನಿ. ನಿಮಗೆ ಅರ್ಥವಾಗದ್ದು ಇನ್ನೂ ಬಹಳ ಇರಬಹುದು, ಅದನ್ನು ನಿಧಾನವಾಗಿ ಅವನಿಂದಲೇ ಕೇಳಿ ತಿಳಿಯಿರಿ. ಅವನು ಊಟ ನಿದ್ದೆ ಬಿಟ್ಟಿದ್ದರೆ, ‘ಬದುಕಿ ಏನು ಪ್ರಯೋಜನ’ ಎಂಬ ಮಾತು ಬಂದರೆ ತಡಮಾಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ನಿಮ್ಮ ದುಃಖ ಹೇಳಿಕೊಳ್ಳಲು ನೀವೂ ಮಾಡಬಹುದು.

ಪ್ರಶ್ನೆ: ವಯಸ್ಸು 34, ಮದುವೆಯಾಗಿ ಒಂಬತ್ತು ವರ್ಷ, ಒಬ್ಬಳು ಮಗಳು. ನನ್ನ ಗಂಡ ಕೆಟ್ಟವರಲ್ಲ, ಆದರೆ ಮಗಳು ಹುಟ್ಟಿದ ಮೇಲೆ ಹತ್ತಿರ ಬಂದಿಲ್ಲ. ದಪ್ಪಗಾದೆ ಅಂತ ಜಿಮ್ ಸೇರಿದೆ, ಹೊಸ ಸೀರೆ ಉಟ್ಟೆ. ಮೊನ್ನೆ ಅವರೇ ಅಳುತ್ತಾ ಹೇಳಿದರು, ಮದುವೆಗೆ ಮುಂಚಿನಿಂದಲೂ ಗಂಡಸರ ಮೇಲೇ ಮನಸ್ಸಂತೆ, ಅತ್ತೆಗೂ ಗೊತ್ತಿತ್ತಂತೆ. ನನ್ನಲ್ಲಿ ಏನು ಕೊರತೆ?
– ಯಲಹಂಕದ ಓದುಗಿ

ಉತ್ತರ: ಏನೂ ಇಲ್ಲಮ್ಮ. ಜಿಮ್ಮು, ಸೀರೆ ಯಾವುದರಿಂದಲೂ ಇದು ಬದಲಾಗುತ್ತಿರಲಿಲ್ಲ, ನಿಮ್ಮ ಜಾಗದಲ್ಲಿ ಯಾರಿದ್ದರೂ ಹೀಗೇ ಆಗುತ್ತಿತ್ತು. ನಿಮಗೆ ಅನ್ಯಾಯವಾಗಿದೆ. ಗೊತ್ತಿದ್ದೂ ಧಾರೆ ಎರೆಸಿಕೊಂಡವರು ಮಾಡಿದ ಅನ್ಯಾಯ ಅದು. ನಿಮ್ಮ ಗಂಡನನ್ನೂ ಅವರು ಹೆದರಿಸಿ ಕೂರಿಸಿರಬಹುದು. ಹಾಗೆಂದು ನಿಮ್ಮ ಸಿಟ್ಟನ್ನು ನುಂಗಿಕೊಳ್ಳಬೇಕಿಲ್ಲ.

ಇರುವುದೋ ಬಿಡುವುದೋ ಈ ತಿಂಗಳೇ ತೀರ್ಮಾನಿಸಬೇಡಿ. ಹೊರಗೆ ಸಂಬಂಧವಿತ್ತೇ ಎಂದು ಗಂಡನನ್ನು ನೇರವಾಗಿ ಕೇಳಿ. ಈ ವರ್ಷಗಳಲ್ಲಿ ನಿಮ್ಮಿಬ್ಬರ ನಡುವೆ ಏನೂ ನಡೆದಿಲ್ಲದಿದ್ದರೂ, ಮನಸ್ಸಿನ ನೆಮ್ಮದಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಎಚ್‌ಐವಿ ಪರೀಕ್ಷೆ ಮಾಡಿಸಿಕೊಳ್ಳಿ. ಕಾನೂನಿನ ವಿಚಾರಕ್ಕೆ 15100ಕ್ಕೆ ಕರೆ ಮಾಡಿ. ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ ಆದಾಯ ಎಷ್ಟೇ ಇರಲಿ ವಕೀಲರ ನೆರವು ಉಚಿತ. ನಿಮ್ಮ ಕಡೆಯವರೊಬ್ಬರಿಗೆ, ಅಕ್ಕನೋ ಗೆಳತಿಯೋ, ಎಲ್ಲವನ್ನೂ ಹೇಳಿಕೊಳ್ಳಿ. ಗಂಡನ ಆಫೀಸಿಗೆ, ಅಪಾರ್ಟ್‌ಮೆಂಟ್ ಗ್ರೂಪಿಗೆ ಮಾತ್ರ ಹಾಕಬೇಡಿ. ಅದು ತಿರುಗಿ ಮಗಳ ಶಾಲೆಯ ತನಕ ಬರುತ್ತದೆ. ಮಗಳಿಗೆ ಈಗ ಏನೂ ಹೇಳುವ ಅಗತ್ಯವಿಲ್ಲ. ಅವಳನ್ನು ಶಾಲೆಗೆ ಬಿಡುವುದು, ಹೋಮ್‌ವರ್ಕ್ ಮಾಡಿಸುವುದು ಇದುವರೆಗೆ ಅಪ್ಪನ ಕೆಲಸವಾಗಿದ್ದರೆ, ನೀವಿಬ್ಬರೂ ಏನೇ ತೀರ್ಮಾನಿಸಿದರೂ ಅದು ಹಾಗೇ ನಡೆಯಲಿ.